ಟ್ರಾಫಿಕ್ ವಾರ್ನಿಂಗ್: ಸ್ಟ್ರಾಟಕ್ಸ್, ಪವರ್‌ಫ್ಲಾರ್ಮ್, ಆಕ್ಟಿವ್ ಟಿಎಎಸ್ – ಬಾರಾಮತಿಗೆ ಯಾವುದು, ಜುಹುಗೆ ಯಾವುದು?

ಸೆಸ್ನಾ 172ರಂಥ ಸಣ್ಣ ವಿಮಾನಕ್ಕೆ ಟ್ರಾಫಿಕ್ ವಾರ್ನಿಂಗ್ (ಹತ್ತಿರ ಹಾರುವ ಬೇರೆ ವಿಮಾನಗಳನ್ನು ತೋರಿಸಿ ಎಚ್ಚರಿಸುವ ಪೆಟ್ಟಿಗೆ) ಹಾಕಿಸುವವರು ಮೊದಲು ವಿಚಾರಿಸೋದು ಬೆಲೆ, ಆಮೇಲೆ ಸ್ಕ್ರೀನ್. ಅದಕ್ಕೂ ಮುಂಚೆ ನೋಡಬೇಕಾದ್ದು, ಅದೇ ಆಕಾಶದಲ್ಲಿ ಹಾರುವ ಉಳಿದವರ ಬಳಿ ಏನಿದೆ ಅನ್ನೋದು. ಪುಣೆ ಜಿಲ್ಲೆಯ ಬಾರಾಮತಿ ಸರ್ಕ್ಯೂಟ್‌ನಲ್ಲೂ (ರನ್‌ವೇ ಸುತ್ತ ಹಾಕುವ ಸುತ್ತು) ಮುಂಬೈನ ಜುಹು ಬದಿಯಲ್ಲೂ ಮೂರು ಬಗೆಯ ಪೆಟ್ಟಿಗೆ ಹಾರಿಸಿ ನೋಡಿದಾಗ ಕಂಡದ್ದಿಷ್ಟು.

ಅಗ್ಗದ್ದು ಸ್ಟ್ರಾಟಕ್ಸ್: ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್), ಜಿಪಿಎಸ್. ಬೇರೆ ವಿಮಾನಗಳು ತಾವಾಗಿಯೇ ತಮ್ಮ ಜಾಗ, ಎತ್ತರ ಸಾರುವ ಎಡಿಎಸ್-ಬಿ ಸಿಗ್ನಲ್ ಇದು ಹಿಡಿಯುತ್ತದೆ. ಅದರ ವೈಫೈಗೆ ಸೇರಿ ಬ್ರೌಸರಿನಲ್ಲಿ 192.168.10.1 ತೆರೆಯಿರಿ. 1090 ಮೆಗಾಹರ್ಟ್ಸ್ ಆನ್ ಇರಲಿ, 978 ಆಫ್ ಮಾಡಿ; 978 ಅಮೆರಿಕದ ವ್ಯವಸ್ಥೆ, ಅದಕ್ಕೆಂದು ಎರಡನೇ ಡಾಂಗಲ್ ಹಾಕೋದು ದಂಡ. ಸ್ವಂತ ವಿಮಾನದ ಮೋಡ್ ಎಸ್ ಹೆಕ್ಸ್ ಕೋಡ್ (ಟ್ರಾನ್ಸ್‌ಪಾಂಡರ್, ಅಂದರೆ ರೇಡಾರ್‌ಗೆ ಉತ್ತರಿಸುವ ರೇಡಿಯೋ, ಕಳಿಸುವ ವಿಮಾನದ ಗುರುತು) ತುಂಬದಿದ್ದರೆ ನಿಮ್ಮದೇ ವಿಮಾನ ಬಾಲಕ್ಕೆ ಅಂಟಿಕೊಂಡ ಟ್ರಾಫಿಕ್ಕಾಗಿ ಕಾಣಿಸಬಹುದು. ವಿಟಿ (ಭಾರತದಲ್ಲಿ ನೋಂದಾಯಿತ) ವಿಮಾನಗಳ ಕೋಡ್ 80ರಿಂದ 83ರೊಳಗೆ ಶುರುವಾಗುತ್ತದೆ. ಬೇರೆ ಕಂಡರೆ ಟ್ರಾನ್ಸ್‌ಪಾಂಡರನ್ನೇ ಮೊದಲು ಸರಿಪಡಿಸಿ.

ಬ್ಯಾರೋ (ಗಾಳಿಯ ಒತ್ತಡ ಅಳೆಯುವ) ಸೆನ್ಸರ್ ಇಲ್ಲದ ಸ್ಟ್ರಾಟಕ್ಸ್ ತೆಗೆದುಕೊಳ್ಳಲೇಬೇಡಿ. ಎದುರಿನವರು ಕಳಿಸೋದು 1013.25 ಹೆಕ್ಟೋಪಾಸ್ಕಲ್ ಒತ್ತಡದ ಆಧಾರದ ಎತ್ತರ. ನಿಮ್ಮ ಆ್ಯಪ್ ಜಿಪಿಎಸ್ ಎತ್ತರದ ಮೇಲೆ ನಡೆದರೆ ಬೇಸಿಗೆಯಲ್ಲಿ ಲೆಕ್ಕ ತಪ್ಪುತ್ತದೆ: ಗಾಳಿ ಐಎಸ್‌ಎಗಿಂತ (ಪ್ರಮಾಣಿತ ವಾತಾವರಣ) 20 ಡಿಗ್ರಿ ಬಿಸಿಯಿದ್ದರೆ 5,000 ಅಡಿಯಲ್ಲಿ 350–400 ಅಡಿ ವ್ಯತ್ಯಾಸ. ಸಮಮಟ್ಟದಲ್ಲಿ ಬರುತ್ತಿರುವವನು ಆರಾಮಾಗಿ ಕೆಳಗಿದ್ದಾನೆ ಅಂತ ಸ್ಕ್ರೀನ್ ಹೇಳುತ್ತದೆ. ಇನ್ನು ತೆಳು ಕೇಬಲ್ಲು, ಸೋತ ಪವರ್‌ಬ್ಯಾಂಕು ಇದ್ದರೆ ವೋಲ್ಟೇಜ್ ಇಳಿದು ಡಾಂಗಲ್ ಮಾಯ. 5 ವೋಲ್ಟ್, 3 ಆಂಪ್ ಕೊಡುವಂಥದ್ದೇ ಇಡಿ.

ಇಷ್ಟೆಲ್ಲ ಸರಿಯಿದ್ದರೂ, ಲೋಹೆಗಾಂವ್‌ಗೆ (ಪುಣೆ ವಿಮಾನ ನಿಲ್ದಾಣ) ಇಳಿಯುವ ಏರ್‌ಬಸ್ ಚೆನ್ನಾಗಿ ಕಾಣುತ್ತದೆ, ಬೇಸ್ ಲೆಗ್‌ನಲ್ಲಿರುವ (ಇಳಿಯುವ ಸುತ್ತಿನ ಕೊನೆಯ ತಿರುವಿಗೆ ಮುಂಚಿನ ಭಾಗ) ಮೋಡ್ ಸಿ ಟ್ರೈನರ್ (ಎತ್ತರ ಹೇಳಿ ಜಾಗ ಹೇಳದ ಹಳೇ ಬಗೆಯ ಟ್ರಾನ್ಸ್‌ಪಾಂಡರಿನ ತರಬೇತಿ ವಿಮಾನ) ಕಾಣೋದೇ ಇಲ್ಲ. ಡಿಕ್ಕಿಯ ಭಯ ಯಾರಿಂದ ಅಂತ ಬೇರೆ ಹೇಳಬೇಕಿಲ್ಲ.

ಪವರ್‌ಫ್ಲಾರ್ಮ್ (ಫ್ಲಾರ್ಮ್ ಇರುವ ವಿಮಾನಗಳು ಒಂದಕ್ಕೊಂದು ತಮ್ಮ ಪಥ ಹೇಳಿಕೊಳ್ಳುವ ಪೆಟ್ಟಿಗೆ) ಇಲ್ಲಿ ಮುಂದು. ಎಡಿಎಸ್-ಬಿ ಜೊತೆಗೆ ಮೋಡ್ ಸಿ, ಮೋಡ್ ಎಸ್ ಉತ್ತರಗಳನ್ನೂ ಹಿಡಿಯುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಐಡಿಗೆ ಅದೇ ಹೆಕ್ಸ್ ಕೋಡ್, ವಿಮಾನದ ಬಗೆಗೆ 8 ಬರೆಯಿರಿ. 1 ಅಂತ ಬಿಟ್ಟರೆ ಪೆಟ್ಟಿಗೆ ನಿಮ್ಮನ್ನು ಗ್ಲೈಡರ್ ಅಂದುಕೊಂಡು ಹಾಗೇ ಪಥ ಊಹಿಸುತ್ತದೆ. ಹೊರಗಿನ ಡಿಸ್‌ಪ್ಲೇ ಖಾಲಿಯಿದ್ದರೆ ಬಾಡ್ (ಡೇಟಾ ಸಾಗುವ ವೇಗ) ನೋಡಿ: 2 ಅಂದರೆ 19200, 5 ಅಂದರೆ 57600, ಎರಡೂ ಕಡೆ ಒಂದೇ ಇರಬೇಕು. ಫರ್ಮ್‌ವೇರ್ ವರ್ಷಕ್ಕೊಮ್ಮೆಯಾದರೂ ಅಪ್‌ಡೇಟ್ ಆಗಲೇಬೇಕು.

ಕೊರತೆಯೂ ಇದೆ. ಮೋಡ್ ಸಿ ಟಾರ್ಗೆಟ್‌ಗೆ ದಿಕ್ಕಿಲ್ಲ, ದೂರವೂ ಸಿಗ್ನಲ್ ಬಲದ ಅಂದಾಜು. ಮೇಲಾಗಿ, ಯಾರಾದರೂ ಕೇಳಿದರಷ್ಟೇ ಮೋಡ್ ಸಿ ಉತ್ತರಿಸುತ್ತದೆ. ರೇಡಾರ್ ಕಿರಣ ತಲುಪದ ಘಟ್ಟದ ಮರೆಯಲ್ಲಿ, ಹತ್ತಿರ ಟಿಕ್ಯಾಸ್ (ದೊಡ್ಡ ವಿಮಾನಗಳ ಡಿಕ್ಕಿ ತಡೆ ವ್ಯವಸ್ಥೆ) ಇರುವ ವಿಮಾನವೂ ಇಲ್ಲದಾಗ, ಆ ಟ್ರೈನರ್ ಮೂಕ. ಪವರ್‌ಫ್ಲಾರ್ಮ್ ಸ್ವತಃ ಸಿಗ್ನಲ್ ಕಳಿಸುವುದರಿಂದ ರೇಡಿಯೋ ಅನುಮತಿಯ ವಿಷಯ ಖರೀದಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ.

ಆಕ್ಟಿವ್ ಟಿಎಎಸ್‌ಗೆ (ಟ್ರಾಫಿಕ್ ಅಡ್ವೈಸರಿ ಸಿಸ್ಟಮ್) ಈ ತೊಂದರೆ ಇಲ್ಲ. ತಾನೇ ಪ್ರಶ್ನೆ ಕೇಳಿ, ಉತ್ತರ ಬಂದ ಸಮಯದಿಂದ ದೂರ ಅಳೆಯುತ್ತದೆ, ದಿಕ್ಕಿನ ಆಂಟೆನಾದಿಂದ ದಿಕ್ಕೂ ಹೇಳುತ್ತದೆ. ಜುಹು ಬದಿಗೆ ನಮ್ಮ ಮತ ಇದಕ್ಕೇ. ಸಾಂತಾಕ್ರೂಜ್ (ಮುಂಬೈನ ದೊಡ್ಡ ವಿಮಾನ ನಿಲ್ದಾಣ) ಪಕ್ಕದಲ್ಲೇ ಇರುವುದರಿಂದ ಎತ್ತರದ ಫಿಲ್ಟರ್ ಬಿಗಿ ಮಾಡದಿದ್ದರೆ ಕೂಗು ನಿಲ್ಲೋದಿಲ್ಲ, ಆಗ ಪೈಲಟ್ ಮ್ಯೂಟ್ ಒತ್ತುತ್ತಾನೆ. ವಿಮಾನದ ಮೈ ಕೊರೆದು ಆಂಟೆನಾ ಕೂರಿಸುವ ಖರ್ಚು ಒಂಟಿ ಮಾಲೀಕನಿಗೆ ಭಾರ.

ಬಾರಾಮತಿಗೆ ಅನುಮತಿ ಸಿಕ್ಕರೆ ಪವರ್‌ಫ್ಲಾರ್ಮ್. ಟ್ರಾನ್ಸ್‌ಪಾಂಡರೂ ಫ್ಲಾರ್ಮೂ ಇಲ್ಲದ, ಪುಣೆ ಬಳಿಯ ಕಾಮ್‌ಶೇತ್‌ನ ಪ್ಯಾರಾಗ್ಲೈಡರ್ ಈ ಮೂರಕ್ಕೂ ಕಾಣೋದಿಲ್ಲ. ಅಲ್ಲಿ ಕಿಟಕಿಯೇ ಗತಿ.