ಅಬಾರ್ಥ್ ಪುಂಟೊ: ಬಣ್ಣ ಆಮೇಲೆ, ಮೊದಲು ಬೆಲ್ಟ್

ಭಾರತದಲ್ಲಿ ಫಿಯಟ್ ಕಾರುಗಳನ್ನು ಕೇಳುವವರೇ ಕಡಿಮೆಯಾಗಿದ್ದ 2015ರ ಅಕ್ಟೋಬರ್‌ನಲ್ಲಿ ಪುಣೆ ಹತ್ತಿರದ ರಾಂಜಣಗಾಂವ್ ಕಾರ್ಖಾನೆಯಿಂದ ಫಿಯಟ್‌ನ ಅಬಾರ್ಥ್ ಪುಂಟೊ ಬಂತು. 1368 ಸಿಸಿ ಟಿ-ಜೆಟ್ ಟರ್ಬೊ ಪೆಟ್ರೋಲ್, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಶೋರೂಮ್ ಬೆಲೆ ಹತ್ತು ಲಕ್ಷದೊಳಗೇ ಇತ್ತು. 2020ರ ಬಿಎಸ್-6 ಹೊಗೆ ನಿಯಮದೊಂದಿಗೆ ಫಿಯಟ್ ಕಾರುಗಳ ಕಥೆ ಇಲ್ಲಿ ಮುಗಿಯಿತು. ಈಗ ಸಿಗುವುದೆಲ್ಲ ಹಳೇ ಗಾಡಿಗಳೇ.

ಬೆಳಗಾವಿಯವರಿಗೆ ಇದರ ಗುಣ ಗೊತ್ತಾಗುವುದು ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ. ಸ್ಟೀರಿಂಗ್ ಹೈಡ್ರಾಲಿಕ್. ತುಸು ಭಾರ ಅನ್ನಿಸಿದರೂ ಟೈರಿನ ಕೆಳಗಿನ ಜಲ್ಲಿಕಲ್ಲು ಕೂಡ ಅಂಗೈಗೆ ತಿಳಿಯುತ್ತದೆ. 2000 ಆರ್‌ಪಿಎಂ ಒಳಗೆ ಎಂಜಿನ್ ಮಂಕು. ಅದನ್ನು ದಾಟಿದೊಡನೆ 212 ನ್ಯೂಟನ್ ಮೀಟರ್ ಟಾರ್ಕ್ ಒಮ್ಮೆಲೇ ಬರುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಜಾರುತ್ತವೆ. ಹಾಗಾಗಿ ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿ, ಸ್ಟೀರಿಂಗ್ ನೆಟ್ಟಗಾದ ಮೇಲೇ ಆಕ್ಸಿಲರೇಟರ್ ಒತ್ತಿ. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಇಲ್ಲದಿದ್ದರೆ ಬಿಸಿ ಟರ್ಬೊದೊಳಗೆ ಉಳಿದ ಆಯಿಲ್ ಕರಿಕಟ್ಟುತ್ತದೆ.

ಕೊಳ್ಳುವಾಗ ಮೊದಲು ಕೇಳಬೇಕಾದ್ದು ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ರಬ್ಬರ್ ಪಟ್ಟಿ) ಬದಲಿಸಿದ ಬಿಲ್. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರ್ ವರ್ಷಗಳಿಂದಲೇ ಹಳಸುತ್ತದೆ. ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನಿನ ಹೆಡ್ಡೇ ಹೋಗುತ್ತದೆ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿ. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಮೂರನ್ನೂ ಒಟ್ಟಿಗೇ ಹಾಕಿಸಿ. ವಾಲ್ವು ತೆರೆಯುವ ಕ್ಯಾಮ್ ಶಾಫ್ಟನ್ನು ಅಲುಗದಂತೆ ಹಿಡಿಯುವ ಕ್ಯಾಮ್ ಲಾಕ್ ಟೂಲ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡವೇ ಬೇಡ. ಪೇಂಟಿನ ಗುರುತು ನಂಬಿ ಬೆಲ್ಟ್ ಕಟ್ಟಿದರೆ ಟೈಮಿಂಗ್ ತಪ್ಪಿ ಎಂಜಿನ್ ನಡುಗುತ್ತದೆ.

ಸಸ್ಪೆನ್ಷನ್ನಿನ ಬುಶ್ ಪ್ರೆಸ್ ಮಾಡಿಸಲು, ಬ್ರೇಕ್ ಡಿಸ್ಕ್ ಲೇತ್‌ಗೆ ಹಾಕಿ ಸಮ ಮಾಡಿಸಲು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ವರ್ಕ್‌ಶಾಪ್‌ಗಳೇ ಸಾಕು. ಎಂಜಿನ್ ಭಾಗ ಹುಡುಕುವಾಗ ಫಿಯಟ್‌ನದೇ ಲಿನಿಯಾ ಟಿ-ಜೆಟ್ ಕಾರಿನವನ್ನೂ ಕೇಳಿ, ಮೂಲ ಎಂಜಿನ್ ಅದೇ. ಜೀಪ್ ಕಂಪಾಸ್ ಪೆಟ್ರೋಲ್‌ನ 1.4 ಮಲ್ಟಿಏರ್ ಬೇರೆ, ಅದರ ಹೆಡ್ ಭಾಗಗಳು ಇದಕ್ಕೆ ಕೂರುವುದಿಲ್ಲ.

ಮೈಲೇಜ್ ಆಸೆಯಿದ್ದವರಿಗೆ ಇದು ಸರಿಹೋಗದು. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್ ಅಷ್ಟೇ. ಮಳೆಗಾಲದ ಗುಂಡಿ ಕಂಡ ಗಾಡಿಯಾದರೆ ರ‍್ಯಾಂಪಿಗೆ ಹತ್ತಿಸಿ ಎಂಜಿನ್ನಿನಡಿಯ ಆಯಿಲ್ ತೊಟ್ಟಿ (ಸಂಪ್), ಬಂಪರಿನ ಕೆಳ ಅಂಚು ಬ್ಯಾಟರಿ ಬೆಳಕಲ್ಲಿ ನೋಡಿ. ಉಜ್ಜಿದ ಗೆರೆ ಆಳವಾಗಿದ್ದು ಸುತ್ತ ಆಯಿಲ್ ಜಿನುಗಿದ್ದರೆ ಆ ಗಾಡಿ ಬಿಟ್ಟು ಬೇರೆಯದನ್ನು ಹುಡುಕಿ.