22 ತಿಂಗಳ ಮಗಳ ಜೊತೆ ಐದು ದಿನದ ಟೋಕಿಯೊ: ಹೋಗಿ ಬಂದ ಮೇಲೆ ಬರೆದ ರಿವ್ಯೂ

"ಐದು ದಿನಕ್ಕೆ ಅಷ್ಟು ದೂರ ಯಾಕಮ್ಮ, ಅದೂ ಇಷ್ಟು ಚಿಕ್ಕ ಮಗೂನ ಕಟ್ಕೊಂಡು?" ಅಂತ ಅತ್ತೆ ಕೇಳಿದ್ದರು. ಕೇಳಿದ್ದು ತಪ್ಪಲ್ಲ. ನಮಗೂ ಅದೇ ಭಯ ಇತ್ತು. ನಮ್ಮವರಿಗೆ ಸಿಕ್ಕಿದ್ದು ಒಂದೇ ವಾರದ ರಜೆ, ಪುಟ್ಟಿಗೆ 22 ತಿಂಗಳು, ಎರಡು ವರ್ಷ ತುಂಬಿದರೆ ಅವಳಿಗೂ ಪೂರ್ತಿ ಸೀಟು ಕೊಳ್ಳಲೇಬೇಕು, ಹೋಗೋದಾದರೆ ಈಗಲೇ ಅಂತ ಬೆಂಗಳೂರಿಂದ ಟೋಕಿಯೊಗೆ ಹೊರಟುಬಿಟ್ಟೆವು.

ಮೊದಲು ಮುಖ್ಯ ಮಾತು ಹೇಳಿಬಿಡ್ತೀನಿ. ಚಿಕ್ಕ ರಜೆಗೆ ದೂರದ ಊರು ಆರಿಸುವಾಗ ಎಷ್ಟು ಗಂಟೆಯ ವಿಮಾನ ಅಂತ ನೋಡಬೇಡಿ, ಅಲ್ಲಿಗೂ ಇಲ್ಲಿಗೂ ಗಡಿಯಾರದಲ್ಲಿ ಎಷ್ಟು ಗಂಟೆ ವ್ಯತ್ಯಾಸ ಅಂತ ನೋಡಿ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ, ಅಷ್ಟೇ. ಅಮೆರಿಕದ ಕಡೆ ಹೋದರೆ ಹಗಲು ರಾತ್ರಿಯೇ ತಿರುಗುಮುರುಗು. ಅಲ್ಲಿಗೆ ಮಗು ಒಗ್ಗಿಕೊಳ್ಳುವಷ್ಟರಲ್ಲಿ ವಾಪಸ್ ಬರುವ ದಿನ ಬಂದಿರುತ್ತೆ.

ಬೆಂಗಳೂರಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನವರ ನೇರ ವಿಮಾನ ಇದೆ. ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಎದುರುಗಾಳಿ ಇರೋದರಿಂದ ಹತ್ತರ ಹತ್ತಿರ. ಬೇರೆ ಊರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವ ಟಿಕೆಟ್ ಕಮ್ಮಿಗೆ ಸಿಗುತ್ತೆ ನಿಜ, ಆದರೆ ನಿದ್ದೆ ಹತ್ತಿದ ಮಗುವನ್ನು ನಡುರಾತ್ರಿ ಎಬ್ಬಿಸಿ ಸೆಕ್ಯುರಿಟಿ ಸಾಲಲ್ಲಿ ನಿಲ್ಲಿಸೋದು ಯಾರಿಗೂ ಬೇಡ. ಆ ಹಣ ಕೊಟ್ಟಿದ್ದಕ್ಕೆ ನನಗೆ ಸ್ವಲ್ಪವೂ ಬೇಜಾರಿಲ್ಲ.

ಬೇಜಾರಾಗಿದ್ದು ಟಿಕೆಟ್ ಮಾಡಿಸಿಕೊಟ್ಟ ಏಜೆಂಟರ ಮೇಲೆ. ಮಗು ಮಲಗಿಸುವ ಬ್ಯಾಸಿನೆಟ್‌ಗೆ ಹೇಳಿದ್ದೀನಿ ಮೇಡಂ, ಎಲ್ಲ ಆಗಿದೆ ಅಂತ ಎರಡು ಸಲ ಹೇಳಿದ್ದರು. ಕೌಂಟರಿಗೆ ಹೋದ ಮೇಲೆ ಗೊತ್ತಾಯಿತು, ಯಾರೂ ಹೇಳೇ ಇರಲಿಲ್ಲ. ಆಮೇಲೆ ಯೋಚಿಸಿದರೆ, ಸಿಕ್ಕಿದ್ದರೂ ಪುಟ್ಟಿ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅದು ಕೈಗೂಸುಗಳಿಗೆ. ಒಂದೂವರೆ ವರ್ಷ ದಾಟಿದ ಮಗು ಕಾಲು ಚಾಚಿದರೆ ಅಂಚಿಗೆ ತಾಗುತ್ತೆ. ಹೋಗುವಾಗ ನಮ್ಮ ಅದೃಷ್ಟ, ಪಕ್ಕದ ಸೀಟು ಖಾಲಿ ಇತ್ತು. ಅವಳನ್ನು ಅಡ್ಡ ಮಲಗಿಸಿ, ತಲೆ ನನ್ನ ತೊಡೆ ಮೇಲೆ, ಕಾಲು ಅವರಪ್ಪನ ತೊಡೆ ಮೇಲೆ, ನಾಲ್ಕು ಗಂಟೆ ಅಲುಗಾಡದೆ ಮಲಗಿದಳು. ಬರುವಾಗ ವಿಮಾನ ತುಂಬಿತ್ತು. ಹತ್ತು ಗಂಟೆ ತೊಡೆ ಮೇಲೆ. ನನ್ನ ಎಡಗೈ ಎರಡು ದಿನ ಎತ್ತೋಕೆ ಆಗಲಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ತೊಡೆ ಮೇಲೆ ಕೂರಿಸಿಕೊಂಡರೆ ದೊಡ್ಡವರ ಟಿಕೆಟ್ಟಿನ ಹತ್ತನೇ ಒಂದು ಭಾಗದಷ್ಟು ಹಣ ಅಷ್ಟೇ ಅಂತ ಆಸೆಯಾಗುತ್ತೆ. ಹಾಗಿದ್ದರೂ ಹಣ ಹೊಂದುವುದಾದರೆ ಒಂದು ಸೀಟು ತಗೊಳ್ಳಿ. ಇನ್ನೊಂದು, ಪ್ರವಾಸದ ಮಧ್ಯೆ ಎರಡನೇ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ಬೇಕೇ ಬೇಕು, ಮೊದಲೇ ತಾರೀಕು ನೋಡಿಕೊಳ್ಳಿ.

ವಿಮಾನದ ಊಟ ಅವಳು ಮುಟ್ಟಲಿಲ್ಲ. ನಮ್ಮನ್ನು ಕಾಪಾಡಿದ್ದು ಅಮ್ಮ ಕೊಟ್ಟ ರಾಗಿ ಹುರಿಹಿಟ್ಟು. ಗಗನಸಖಿಯ ಹತ್ತಿರ ಒಂದು ಲೋಟ ಬಿಸಿನೀರು, ಒಂದು ಲೋಟ ಹಾಲು ಕೇಳಿ, ಎರಡು ಚಮಚ ಹಿಟ್ಟು, ಚೂರು ಬೆಲ್ಲದ ಪುಡಿ ಹಾಕಿ ಕಲೆಸಿದೆ. ಗಂಟಿಲ್ಲದ ಹಾಗೆ ಕಲೆಸಬೇಕು, ಮೊದಲು ಸ್ವಲ್ಪವೇ ನೀರು ಹಾಕಿ ಬೆರಳಲ್ಲಿ ತಿಕ್ಕಿ ಆಮೇಲೆ ಹಾಲು. ಆ ಹುರಿದ ರಾಗಿ ಘಮಕ್ಕೆ ಎದುರಿನ ಸೀಟಿನ ಅಜ್ಜಿಯೊಬ್ಬರು ತಿರುಗಿ "ನಮ್ಮನೇದೇ ವಾಸನೆ ಬಂತಲ್ಲ" ಅಂದರು. ಟೋಕಿಯೊದಲ್ಲಿರುವ ಮಗನ ಮನೆಗೆ ಹೊರಟಿದ್ದ ಹಾಸನದವರು. ವಿಮಾನ ಏರುವಾಗ, ಇಳಿಯುವಾಗ ಏನಾದರೂ ಕುಡಿಯಲು ಕೊಡುತ್ತಿರಿ, ನುಂಗುತ್ತಿದ್ದರೆ ಕಿವಿ ನೋವು ಕಮ್ಮಿ.

ಈಗ ಕಷ್ಟದ ಭಾಗ. ನಾವು ಹೋದದ್ದು ಸಂಜೆ ಹೊರಟು ಮುಂಜಾನೆ ಇಳಿಯುವ ವಿಮಾನ. ಕೇಳೋಕೆ ಚೆನ್ನಾಗಿದೆ, ಆದರೆ ಅಲ್ಲಿ ಬೆಳಗಿನ ಆರು ಗಂಟೆ ಅಂದರೆ ಪುಟ್ಟಿಗೆ ರಾತ್ರಿ ಎರಡೂವರೆ. ಜೋರು ನಿದ್ದೆಯಲ್ಲಿ ಎಬ್ಬಿಸಬೇಕು. ಅತ್ತಳು, ಸುಮಾರು ಹೊತ್ತು ಅತ್ತಳು. ಅಲ್ಲಿನ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆಯೇ ರೂಮು ಕೊಡೋದು. ನಾವು ಸಾಮಾನು ಹೋಟೆಲಿನಲ್ಲಿ ಇಟ್ಟು ಉಯೆನೊ ಪಾರ್ಕಿನಲ್ಲಿ ಮರದ ಕೆಳಗೆ ಸ್ಟ್ರಾಲರ್ ನಿಲ್ಲಿಸಿ, ಅವಳು ಮಲಗಿದ ಮೂರು ಗಂಟೆ ಬೆಂಚಿನ ಮೇಲೆ ಸರದಿಯಲ್ಲಿ ತೂಕಡಿಸಿದೆವು. ಮತ್ತೆ ಹೋದರೆ ಹಿಂದಿನ ರಾತ್ರಿಯದೂ ಸೇರಿಸಿ ರೂಮು ಮಾಡಿಸಿ, ಸೀದಾ ಹೋಗಿ ಮಲಗುತ್ತೇನೆ. ಹೋಟೆಲಿನವರು ಮೇಲ್‌ನಲ್ಲಿ ತೊಟ್ಟಿಲು ಮಂಚ ಕೊಡ್ತೀವಿ ಅಂದಿದ್ದರು, ಹೋದಾಗ ಖಾಲಿಯಾಗಿದೆ ಅಂದರು. ರೂಮು ಎಷ್ಟು ಚಿಕ್ಕದು ಅಂದರೆ ಕೊಟ್ಟಿದ್ದರೂ ಇಡೋಕೆ ಜಾಗ ಎಲ್ಲಿತ್ತು! ಮಂಚವನ್ನು ಗೋಡೆಗೆ ಒತ್ತಿ ಅವಳನ್ನು ಒಳಮಗ್ಗುಲಿಗೆ ಹಾಕಿಕೊಂಡು ಮಲಗಿದೆವು.

ಆಮೇಲೆ ಒಂದು ಉಪಾಯ ಮಾಡಿದೆವು, ಇದೇ ಇಡೀ ಪ್ರವಾಸ ಉಳಿಸಿದ್ದು. ಅವಳ ಗಡಿಯಾರ ಪೂರ್ತಿ ಬದಲಿಸಲು ಹೋಗಲೇ ಇಲ್ಲ. ಮನೆಯಲ್ಲಿ ಎಂಟೂವರೆ, ಒಂಬತ್ತಕ್ಕೆ ಮಲಗುವ ಮಗು, ಅಲ್ಲಿ ಹನ್ನೊಂದೂವರೆಗೆ ಮಲಗಿತು, ಬೆಳಗ್ಗೆ ಒಂಬತ್ತೂವರೆಗೆ ಎದ್ದಿತು. ಹತ್ತೂವರೆಗೆ ಹೊರಗೆ ಬಿದ್ದರೆ ಆಫೀಸಿಗೆ ಹೋಗುವವರ ನೂಕುನುಗ್ಗಲು ಮುಗಿದಿರುತ್ತೆ, ರೈಲಿನಲ್ಲಿ ಸ್ಟ್ರಾಲರ್ ಮಡಚದೆ ಆರಾಮಾಗಿ ನಿಲ್ಲಬಹುದು. ರಾತ್ರಿ ಎಂಟಕ್ಕೂ ಅವಳು ಲವಲವಿಕೆಯಲ್ಲೇ ಇರೋದರಿಂದ ದೀಪ ಹಚ್ಚಿದ ಬೀದಿಗಳನ್ನೂ ನೋಡಿದೆವು. ವಾಪಸ್ ಬಂದ ಮರುದಿನವೇ ಮಾಮೂಲಿ ಹೊತ್ತಿಗೆ ನಿದ್ದೆ.

ರೈಲಿನ ಬಗ್ಗೆ ಹೊಗಳದೆ ಇರೋಕಾಗಲ್ಲ. ನರಿತಾದಿಂದ ಸ್ಕೈಲೈನರ್ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಉಯೆನೊ. ಆರು ವರ್ಷದೊಳಗಿನ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡರೆ ಟಿಕೆಟ್ ಇಲ್ಲ, ಊರೊಳಗಿನ ಮೆಟ್ರೋದಲ್ಲೂ ಪುಟ್ಟ ಮಕ್ಕಳಿಗೆ ಹಣ ಇಲ್ಲ. ಒಂದೇ ತೊಂದರೆ ಲಿಫ್ಟು. ಲಿಫ್ಟು ಇರುತ್ತೆ, ಆದರೆ ದೊಡ್ಡ ಸ್ಟೇಷನ್ನುಗಳಲ್ಲಿ ಯಾವುದೋ ಒಂದು ದ್ವಾರದ ಹತ್ತಿರ ಮಾತ್ರ. ಒಂದು ಸಲ ರಸ್ತೆಗೆ ಬರೋಕೆ ನಮಗೆ ಇಪ್ಪತ್ತು ನಿಮಿಷ ಬೇಕಾಯಿತು. ಅದಕ್ಕೇ ಒಂದೇ ಕೈಯಲ್ಲಿ ಮಡಚಿ ಹೆಗಲಿಗೆ ಹಾಕಿಕೊಳ್ಳುವಂಥ ಹಗುರ ಸ್ಟ್ರಾಲರ್ ಒಯ್ಯಿರಿ, ಭಾರದ್ದು ಬೇಡ.

ನನಗೆ ಕಣ್ಣಲ್ಲಿ ನೀರು ಬಂದದ್ದು ಎಲ್ಲಿ ಗೊತ್ತಾ? ಡಿಪಾರ್ಟ್‌ಮೆಂಟ್ ಸ್ಟೋರಿನ ಮಕ್ಕಳ ಮಹಡಿಯಲ್ಲಿರುವ ಹಾಲೂಡಿಸುವ ಕೋಣೆಯಲ್ಲಿ. ಜುನ್ಯೂಶಿತ್ಸು ಅಂತಾರೆ, ಈ ಪದ ಕಲಿತು ಹೋಗಿ. ಒಳಗೆ ಸಾಲಾಗಿ ಬಟ್ಟೆ ಬದಲಿಸುವ ಮೇಜುಗಳು, ಪ್ರತಿ ಮಗುವಿಗೂ ಹಾಸಲು ಹೊಸ ಕಾಗದ, ಪಕ್ಕದಲ್ಲೇ ಕೈ ತೊಳೆಯುವ ಜಾಗ, ಹಾಲಿನ ಪುಡಿ ಕಲೆಸಲು ಬಿಸಿನೀರಿನ ನಲ್ಲಿ, ಪರದೆ ಹಾಕಿದ ಪುಟ್ಟ ಪುಟ್ಟ ಕೋಣೆಗಳು. ಮಗುವಿನ ತೂಕ ನೋಡುವ ತಕ್ಕಡಿಯೂ ಇತ್ತು. ದುಡ್ಡಿಲ್ಲ, ಏನೂ ಕೊಳ್ಳಬೇಕಾಗಿಲ್ಲ, ಯಾರೂ ಕೇಳಲ್ಲ. ಹೆಂಗಸರ ಶೌಚಾಲಯದೊಳಗೂ ಗೋಡೆಯ ಮೂಲೆಯಲ್ಲಿ ಒಂದು ಪುಟ್ಟ ಕುರ್ಚಿ ಇರುತ್ತೆ, ಮಗುವನ್ನು ಅದರಲ್ಲಿ ಕೂರಿಸಿ ಪಟ್ಟಿ ಬಿಗಿದರೆ ತಾಯಿ ನೆಮ್ಮದಿಯಾಗಿ ತನ್ನ ಕೆಲಸ ಮುಗಿಸಬಹುದು. ಬೆಂಗಳೂರಿನ ಎಷ್ಟು ಮಾಲುಗಳಲ್ಲಿ ಪುಟ್ಟಿಯನ್ನು ಹೊತ್ತುಕೊಂಡೇ ಒದ್ದಾಡಿದ್ದೇನೆ ಅಂತ ನೆನಪಾಯಿತು. ಇದು ದೊಡ್ಡ ಖರ್ಚಿನ ವಿಷಯವಲ್ಲ, ಒಂದು ಕುರ್ಚಿ. ಯಾರೋ ತಾಯಂದಿರ ಬಗ್ಗೆ ಯೋಚಿಸಿದ್ದಾರೆ, ಅಷ್ಟೇ. ಆದರೆ ರಸ್ತೆಯಲ್ಲಿ ಕಸದ ಡಬ್ಬಿ ಸಿಗೋದೇ ಕಷ್ಟ. ಬಳಸಿದ ಡೈಪರ್ ಕಟ್ಟಿ ರೂಮಿನವರೆಗೆ ಒಯ್ಯಲು ದಪ್ಪ ಕವರುಗಳು ಬ್ಯಾಗಲ್ಲಿ ಇರಲಿ. ಡೈಪರ್ ಇಲ್ಲಿಂದ ಮೂಟೆ ಕಟ್ಟಬೇಡಿ, ಅಲ್ಲಿ ಔಷಧಿ ಅಂಗಡಿಗಳಲ್ಲಿ ಸಿಗುತ್ತೆ. ಕವರಿನ ಮೇಲೆ ಕಿಲೋ ಲೆಕ್ಕದಲ್ಲಿ ಅಳತೆ ಬರೆದಿರುತ್ತಾರೆ, ಓದಲು ಭಾಷೆ ಬೇಕಿಲ್ಲ.

ಊಟ: ನಾವು ಸಸ್ಯಾಹಾರಿಗಳು, ಅಲ್ಲಿ ತರಕಾರಿ ಸಾರಿನಂತೆ ಕಾಣುವುದರಲ್ಲೂ ಮೀನಿನ ರಸ ಇರುತ್ತೆ. ಇಂಡಿಯನ್ ಹೋಟೆಲುಗಳಿವೆ, ಒಂದು ಸಲ ದೋಸೆಯೂ ತಿಂದೆವು. ಮಗುವಿಗೆ ಮಾತ್ರ ದಿನಾ ಮೊಸರನ್ನವೇ. ಬೀದಿಗೊಂದು ಇರುವ ಸಣ್ಣ ಅಂಗಡಿಗಳಲ್ಲಿ ಬೇಯಿಸಿದ ಅನ್ನದ ಡಬ್ಬಿ ಸಿಗುತ್ತೆ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಹೂವಿನ ಹಾಗೆ ಮೆತ್ತಗೆ. ಅಲ್ಲೇ ಸಿಹಿ ಇಲ್ಲದ ಮೊಸರು, ಡಬ್ಬಿಯ ಮೇಲೆ ಮುಟೋ ಅಂತ ಇರುತ್ತೆ, ಅಂಗಡಿಯವರಿಗೆ ಹಾಗೆ ಹೇಳಿದರೆ ತೋರಿಸುತ್ತಾರೆ. ಕಿವುಚಿ, ಉಪ್ಪು ಹಾಕಿ ಕೊಟ್ಟರೆ ಡಬ್ಬಿ ಖಾಲಿ. ಬಾಳೆಹಣ್ಣು ಎಲ್ಲ ಕಡೆ ಇದೆ.

ನೋಡಿದ್ದು ದಿನಕ್ಕೆ ಒಂದೇ ಜಾಗ. ಅಸಾಕುಸದ ದೇವಸ್ಥಾನ ಚೆನ್ನಾಗಿದೆ, ಜನ ಜಾಸ್ತಿ, ಅರ್ಧ ಗಂಟೆಗೆ ಹೊರಬಂದೆವು. ಎರಡು ದಿನ ಹೋದದ್ದು ಉಯೆನೊ ಮೃಗಾಲಯಕ್ಕೆ. 1882ರಲ್ಲಿ ಶುರುವಾದದ್ದು, ಜಪಾನಿನ ಮೊದಲ ಮೃಗಾಲಯ. ನಾವು ಕನ್ನಡದವರು ಅಲ್ಲಿಗೆ ಹೋಗಲೇಬೇಕಾದ ಕಾರಣ ಒಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿದ್ದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಟೋಕಿಯೊದ ಮಕ್ಕಳು ನಮಗೊಂದು ಆನೆ ಕೊಡಿ ಅಂತ ನೆಹರೂಗೆ ಕಾಗದ ಬರೆದರು. 1949ರಲ್ಲಿ ನೆಹರೂ ಮಗಳ ಹೆಸರಿಟ್ಟು ಕಳಿಸಿದ ಆ ಇಂದಿರಾ, ಮೈಸೂರಿನ ಆನೆ. ಅವಳಿಗೆ ಕನ್ನಡದಲ್ಲಿ ಹೇಳಿದರೆ ಮಾತ್ರ ತಿಳಿಯುತ್ತಿತ್ತು. ಜೊತೆಗೆ ಹೋದ ಮಾವುತರು ಅಲ್ಲಿನವರಿಗೆ ಆ ಮಾತುಗಳನ್ನು ಕಲಿಸಿಕೊಟ್ಟು ಬಂದರು. 1983ರವರೆಗೆ ಅವಳು ಅಲ್ಲಿನ ಮಕ್ಕಳ ಜೊತೆ ಇದ್ದಳು.

ಈಗಿರುವುದು ಬೇರೆ ಆನೆಗಳು. 2020ರಲ್ಲಿ ಅಲ್ಲೇ ಹುಟ್ಟಿದ ಮರಿಗೆ ಅರುಣ್ ಅಂತ ಹೆಸರು, ಆ ಮೃಗಾಲಯದಲ್ಲಿ ಹುಟ್ಟಿದ ಮೊದಲ ಆನೆಮರಿ. ಪುಟ್ಟಿ ಕಟಕಟೆ ಹಿಡಿದು ನಿಂತು "ಆನೆ ಬಾ, ಬಾ" ಅಂತ ಕರೆದಳು. ಪಕ್ಕದಲ್ಲಿದ್ದ ಅವಳದೇ ವಯಸ್ಸಿನ ಜಪಾನಿ ಹುಡುಗ ಅವಳ ಮುಖ ನೋಡಿ, ಕೈ ಬೀಸಿ, ಅವನೂ "ಬಾ, ಬಾ" ಅಂದ. ಇಬ್ಬರೂ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ದೊಡ್ಡವರಿಗೆ 600 ಯೆನ್, ಪುಟ್ಟ ಮಕ್ಕಳಿಗೆ ಏನೂ ಇಲ್ಲ. ಸೋಮವಾರ ಬಾಗಿಲು ಹಾಕಿರುತ್ತೆ, ಸಂಜೆ ಐದಕ್ಕೆ ಮುಚ್ಚುತ್ತೆ, ನಾಲ್ಕರ ಮೇಲೆ ಒಳಗೆ ಬಿಡಲ್ಲ. ತಡವಾಗಿ ಏಳುವ ಮಗುವಿದ್ದರೆ ಮಧ್ಯಾಹ್ನದ ನಿದ್ದೆ ಸ್ಟ್ರಾಲರ್‌ನಲ್ಲೇ ಆಗಲಿ, ಒಳಗೆ ಕೆರೆಯ ಪಕ್ಕ ನೆರಳಿದೆ.