ಡೋಮ್ ಟೆಂಟೋ, ಕ್ಯಾಬಿನ್ ಟೆಂಟೋ?

ಕಾಸರಗೋಡಿನಲ್ಲಿ ಮನೆಮಂದಿಯೊಂದಿಗೆ ಕಾರಿನಲ್ಲಿ ಕ್ಯಾಂಪಿಂಗ್ ಹೊರಡುವವರು ಬೆಲೆಗಿಂತ ಮೊದಲು ನೆಲ ನೋಡಬೇಕು. ನಮ್ಮ ಗುಡ್ಡಗಳಲ್ಲಿ ಜಾಸ್ತಿ ಮುರಕಲ್ಲೇ, ಗೂಟ ಸುಲಭದಲ್ಲಿ ಇಳಿಯುವುದಿಲ್ಲ. ಡೋಮ್ ಟೆಂಟ್ ಬಾಗಿದ ಕೋಲುಗಳ ಮೇಲೆ ತಾನಾಗಿಯೇ ನಿಲ್ಲುತ್ತದೆ. ಹಗ್ಗಗಳನ್ನು ಭಾರದ ಕಲ್ಲುಗಳಿಗೆ ಬಿಗಿದರೆ ಆಯಿತು. ಕಡಲ ಬದಿಯ ಹೊಯಿಗೆಯಲ್ಲಿ ಗೂಟ ಕಿತ್ತು ಬರುತ್ತದೆ. ಅಲ್ಲಿ ಚೀಲಕ್ಕೆ ಹೊಯಿಗೆ ತುಂಬಿ, ಹಗ್ಗ ಕಟ್ಟಿ ಹೂಳಿ.

ಕ್ಯಾಬಿನ್ ಟೆಂಟಿನ ಸುಖ ಬೇರೆ. ಗೋಡೆ ನೇರ, ಒಳಗೆ ಎದ್ದು ನಿಲ್ಲಬಹುದು. ಸೊಂಟನೋವಿನ ಅಜ್ಜಿ ಜೊತೆಗಿದ್ದರೆ ಇದು ದೊಡ್ಡ ವಿಷಯ, ಅಲ್ವಾ? ಆದರೆ ಆ ಗೋಡೆಗಳೇ ಗಾಳಿಗೆ ಎದೆಯೊಡ್ಡುತ್ತವೆ. ಡೋಮಿನ ಮೇಲೆ ಗಾಳಿ ಜಾರಿ ಹೋಗುತ್ತದೆ.

ಯಾವುದೇ ಕೊಂಡರೂ 'ನಾಲ್ವರಿಗೆ' ಎಂಬ ಚೀಟಿ ನಂಬಬೇಡಿ. ಅದು ಒತ್ತೊತ್ತಾಗಿ ಮಲಗಿದ ಲೆಕ್ಕ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಚೀಲಗಳು ಎಂದರೆ 6 ಜನರದ್ದೇ ಬೇಕು. ಹೊರುವುದು ಕಾರು ತಾನೇ! ನಮ್ಮ ಸೆಕೆಗೆ ಎರಡೂ ಬದಿ ಬಲೆಕಿಟಕಿ ಇರಲಿ. ಒಂದೇ ಪದರದ ಟೆಂಟಿನಲ್ಲಿ ಉಸಿರಿನ ತೇವ ಒಳಗೇ ಹನಿಯುತ್ತದೆ. ಹಾಗಾಗಿ ಮೇಲ್ಹೊದಿಕೆ ಬೇರೆಯಾಗಿರುವುದನ್ನೇ ಆರಿಸಿ, ಅದು ನೆಲದ ಹತ್ತಿರದವರೆಗೂ ಇಳಿದಿರಲಿ.

ಹಾಸಿಗೆಗೆ ಫೋಮ್ ಸಾಕು. ಗಾಳಿಹಾಸಿಗೆ ಮೆತ್ತಗಿದ್ದರೂ ಒಂದು ಮುಳ್ಳು ತಾಗಿದರೆ ಮುಗಿಯಿತು. ದೀಪ ಎಲ್‌ಇಡಿ. ಗ್ಯಾಸ್ ಒಲೆ ಮಾತ್ರ ಮಳೆ ಬಂದರೂ ಟೆಂಟಿನೊಳಗೆ ಬೇಡ, ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ನನ್ನ ಆಯ್ಕೆ 6 ಜನರ ಡೋಮ್. ಪ್ರತಿಸಲ ಒಂದೇ ತೋಟದ ಸಮತಟ್ಟು ಜಾಗಕ್ಕೆ, ಹಿರಿಯರೊಂದಿಗೆ ಹೋಗುವವರು ಕ್ಯಾಬಿನ್ ಕೊಳ್ಳಲಿ.